ನಕ್ಷೆಯಲ್ಲಿ ಇಲ್ಲದ ಚಿಕ್ಕಿ

ಬೈಲಹೊಂಗಲ
ರವಿವಾರ, 7-9-1975, ಮಧ್ಯಾಹ್ನ

ಪ್ರೀತಿಯ ಕೃಷ್ಣಕ್ಕಾ,

ಇಲ್ಲ, ನೀನು ಹೇಳಿದ ಹಾಗೆ ಬರೆದುಕೊಡುವುದು ನನ್ನಿಂದ ಆಗುವುದಿಲ್ಲ. “ಒಂದು ಸಾಲು ಗೀಚಿದರ ನಿನ್ನ ಕೈಯೇನು ಸವದು ಹೋಗತಾವ?” ಅಂತ ಕಾರ್ಡಿನಲ್ಲಿ ಕೇಳಿದ್ದೀ. ಸವೆಯುವುದಿಲ್ಲ, ಗೊತ್ತು. ದಿನಕ್ಕೆ ಮುನ್ನೂರು ಚೀಲಕ್ಕೆ ನಂಬರು ಹಚ್ಚುವ ಕೈ ಇದು. ಆದರೆ ನಾನು ಕಂಡದ್ದು ಸುಳ್ಳು ಅನ್ನುವ ಸಾಲು ಬರೆಯಲು ಈ ಕೈ ಏಳುತ್ತಿಲ್ಲ. ಪುಸ್ತಕದ ಮೇಲೆ ಶಾಯಿ ಹಾಕಿದ್ದಕ್ಕೆ ತಪ್ಪಾಯಿತು ಅಂದಿದ್ದೇನೆ, ಎರಡು ಸಲ ಅಂದಿದ್ದೇನೆ, ಬೇಕಾದರೆ ಇವತ್ತು ಸಂಜೆ ಮೂರನೆಯ ಸಲವೂ ಅನ್ನುತ್ತೇನೆ. ಆಕಾಶದಲ್ಲಿ ಕಂಡ ಚಿಕ್ಕಿಯ ವಿಷಯಕ್ಕೆ ಮಾತ್ರ ತಪ್ಪಾಯಿತು ಅನ್ನುವುದಿಲ್ಲ.

ಜಗಳ ಸ್ವಲ್ಪ ಹೊತ್ತು ಹಾಗೇ ಇರಲಿ. ನೀನು ಹೇಗಿದ್ದೀ? ಕಾಲುವೆ ಕೆಲಸದಲ್ಲಿ ಕಲ್ಲು ಬಿದ್ದು ಕಪ್ಪಾಗಿದ್ದ ಹೆಬ್ಬೆರಳಿನ ಉಗುರು ಉದುರಿತೋ, ಹೊಸದು ಬಂತೋ? ಲಕ್ಕಪ್ಪ ಮಾವ ಬೀಡಿ ಬಿಟ್ಟೆ ಅಂತ ನಿನ್ನ ಮುಂದೆ ಆಣೆ ಮಾಡಿದ್ದನಲ್ಲ, ಅದು ಇನ್ನೂ ನಡೆದಿದೆಯೋ, ಹಿತ್ತಲಿನ ಕಡೆಯಿಂದ ಕೆಮ್ಮು ಕೇಳಿಸುತ್ತದೋ? ಕೂಸಿಗೆ ಹಲ್ಲು ಬಂದಿದೆಯಂತೆ, ಮೊದಲು ಯಾರನ್ನು ಕಚ್ಚಿದಳು ಬರೆ. ನಾನು ಆರಾಮ ಇದ್ದೇನೆ. ಖಾನಾವಳಿಯಲ್ಲಿ ವಾರಕ್ಕೆ ಐದು ದಿನ ಬದನೆಕಾಯಿ, ಉಳಿದ ಎರಡು ದಿನ ಬದನೆಕಾಯಿಯ ಸಾರು. ಮಾರುಕಟ್ಟೆಗೆ ಹೆಸರುಕಾಳು ಬರಲು ಸುರುವಾಗಿದೆ, ಅದಕ್ಕೇ ಹೋದ ವಾರ ಪತ್ರ ಹಾಕಲು ಆಗಲಿಲ್ಲ. ಇದು ಅರ್ಧ ನೆಪ. ಇನ್ನರ್ಧ ಏನು ಅಂದರೆ, ನಿನಗೆ ಹೇಳಬೇಕಾದದ್ದು ಕಾರ್ಡಿನಲ್ಲಿ ಹಿಡಿಸುತ್ತಿರಲಿಲ್ಲ. ಇವತ್ತು ಎಂಟು ಹಾಳೆ ತಂದು ಕುಂತಿದ್ದೇನೆ.

ನಿನಗೆ ಸುದ್ದಿ ಮುಟ್ಟಿಸಿದವನು ದುಂಡಪ್ಪ. ನಮ್ಮ ಮಾರುಕಟ್ಟೆಯ ವಾಚ್‌ಮನ್, ನಿಮ್ಮ ಸುರೇಬಾನದ ಅಳಿಯ. ಹೋದ ಮಂಗಳವಾರ ಅತ್ತೆಮನೆಗೆ ಬಂದವನು ನಿನ್ನ ಕಟ್ಟೆಯ ಮೇಲೆ ಚಹಾ ಕುಡಿದು, ನಿನ್ನ ತಮ್ಮ ಮಾಸ್ತರರ ಮನೆಯ ಪುಸ್ತಕಕ್ಕೆ ಚೀಲದ ಶಾಯಿ ಬಳಿದು ಹಾಳು ಮಾಡಿದ, ಮೇಲೆ ಆಕಾಶದಲ್ಲಿ ಇಲ್ಲದ್ದನ್ನು ಇದೆ ಅಂತ ವಾದಿಸಿದ ಅಂತೆಲ್ಲ ಹೇಳಿದನಂತೆ. ಅವನು ಹೇಳದೆ ಬಿಟ್ಟದ್ದು ಒಂದಿದೆ. ಅವನೂ ಆ ಚಿಕ್ಕಿ ನೋಡಿದ್ದಾನೆ. ಇರು, ಅದು ಮುಂದೆ ಬರುತ್ತದೆ. ಸುರುವಿನಿಂದ ಹೇಳುತ್ತೇನೆ.

ತ್ರ್ಯಂಬಕ ಮಾಸ್ತರರು ಅಂದರೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಆಷಾಢದ ಮಳೆಗೆ ಅವರ ಅಟ್ಟ ಸೋರಿ, ಅಲ್ಲಿದ್ದ ಪುಸ್ತಕ ಕೆಳಗಿಳಿಸಿ ಒಣಗಿಸಲು ಒಬ್ಬ ಆಳು ಬೇಕಾಗಿದ್ದ. ನಮ್ಮ ಅಡತಿ ಅಂಗಡಿಯ ಮಾಲಕರು ನನ್ನ ತಲೆಯ ಮೇಲೆ ಖಾಲಿ ಚೀಲ ಹೊರಿಸಿ ಕಳಿಸಿದರು. ಪುಸ್ತಕವನ್ನು ಚೀಲಕ್ಕೆ ತುಂಬಿ, ನಂಬರು ಹಚ್ಚಿ, ಯಾವ ಚೀಲದಲ್ಲಿ ಏನಿದೆ ಅಂತ ಪಟ್ಟಿ ಬರೆಯುವುದು ಕೆಲಸ. ಹನ್ನೊಂದು ಚೀಲ ಆದವು. ಆರು ಚೀಲದ ತನಕ ಬೀಜಗಣಿತ, ವ್ಯಾಕರಣ, ಹಳೇ ಪಂಚಾಂಗ, ಗೆದ್ದಲು. ಏಳನೆಯ ಚೀಲಕ್ಕೆ ಹಾಕಬೇಕಾದ ಪುಸ್ತಕ ಒಂದು ಕೈಯಲ್ಲಿ ತಾನೇ ತೆರೆಯಿತು. ನಡುವೆ ಒಂದು ದೊಡ್ಡ ಗುಂಡು, ಸುತ್ತ ಬಳೆ ತೊಡಿಸಿದ ಹಾಗೆ ಚಿತ್ರ. ಕೆಳಗೆ ಶನಿ ಅಂತ ಬರೆದಿದೆ. ಅಕ್ಕಾ, ನಾವು ಎಣ್ಣೆ ಹಾಕಿ ಹಾಕಿ ಹೆದರುವ ಶನಿ! ನೀರಿಗಿಂತ ಹಗುರ ಅಂತೆ ಅದು. ಅದು ಹಿಡಿಸುವಷ್ಟು ದೊಡ್ಡ ಕೆರೆ ಇದ್ದರೆ ಕುಂಬಳಕಾಯಿಯ ಹಾಗೆ ತೇಲುತ್ತಿತ್ತಂತೆ. ನಾನು ನಿಂತಲ್ಲೇ ನಿಂತು ಓದಿದೆ. ಬೆಳಕು ಕಡಿಮೆಯಾಯಿತು ಅಂತ ಬಾಗಿಲಿಗೆ ಬಂದು ಓದಿದೆ. ಮಾಸ್ತರರ ಮನೆಯವರು, ಲೀಲಾಬಾಯಿಯವರು, ದೀಪ ಹಚ್ಚಲು ಬಂದಾಗಲೇ ಸಂಜೆಯಾಗಿದೆ ಅಂತ ಗೊತ್ತಾದದ್ದು. ಐದು ಚೀಲ ಇನ್ನೂ ತುಂಬುವುದು ಬಾಕಿ.

ಬೈಯುತ್ತಾರೆ ಅಂದುಕೊಂಡೆ. ಮಾಸ್ತರರು ಕೇಳಿದ್ದು ಇಷ್ಟೇ, “ಜೋರಾಗಿ ಓದು, ನನಗೂ ಕೇಳಸಲಿ.” ಓದಿದೆ. ಎರಡು ಕಡೆ ತಡವರಿಸಿದೆ, ತಿದ್ದಿದರು. ನಿನ್ನ ಓದು ಒರಟು ಅದ, ರೂಢಿ ಆಗಬೇಕು, ರವಿವಾರ ಬುಧವಾರ ಬಂದು ಕಟ್ಟೆಯ ಮೇಲೆ ಕುಂತು ಓದು ಅಂದರು. ಓದಿದ ಮೇಲೆ ಒಂದೊಂದು ಪುಸ್ತಕ ಮನೆಗೂ ಕೊಡುತ್ತಿದ್ದರು. ಮೊದಲೆರಡು ವಾರ ಲೀಲಾಬಾಯಿಯವರು ಪುಸ್ತಕವನ್ನು ಕಟ್ಟೆಯ ಮೇಲಿಟ್ಟು ಸರಿದು ನಿಲ್ಲುತ್ತಿದ್ದರು. ಯಾಕೆ ಅಂತ ನಿನಗೆ ಹೇಳಬೇಕಾಗಿಲ್ಲ. ಮೂರನೆಯ ವಾರ ಕೈಗೇ ಕೊಟ್ಟರು.

ಒಣಗಿದ ಪುಸ್ತಕಗಳೆಲ್ಲ ಈಗ ಪಡಸಾಲೆಯ ಕಪಾಟಿನಲ್ಲಿವೆ. ಎಲ್ಲ ಅವರು ಹುಡುಗರಿದ್ದಾಗ ಕೊಂಡದ್ದು, ಮೂವತ್ತು ನಲವತ್ತು ವರ್ಷ ಹಳೆಯವು. ಒಂದು ಕಥೆಪುಸ್ತಕ ಇದೆ, ರಟ್ಟು ಹೋಗಿದೆ, ಹೆಸರಿಲ್ಲ, ಬರೆದವರು ಯಾರೋ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯ ಫಿಟ್ಟರ್ ಒಬ್ಬ ಹಳೇ ಬಾಯ್ಲರನ್ನು ತಿದ್ದಿ ತೀಡಿ ಅದರೊಳಗೆ ಕುಂತು ಮಂಗಳ ಗ್ರಹಕ್ಕೆ ಹೋಗುತ್ತಾನೆ. ಹೆಂಡತಿ ಬುತ್ತಿ ಕಟ್ಟುತ್ತಾಳೆ, ಮೂರು ತಿಂಗಳಿಗೆ ಆಗುವಷ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಭೂಮಿಯ ಎಳೆತ ದಾಟಿದ ಮೇಲೆ ಚಟ್ನಿಪುಡಿ ಡಬ್ಬಿಯಿಂದ ಎದ್ದು ಬಾಯ್ಲರಿನ ತುಂಬ ಹಾರಾಡುತ್ತದೆ, ಪಾಪ ಫಿಟ್ಟರ್ ಸೀನಿ ಸೀನಿ ದಿಕ್ಕು ತಪ್ಪುತ್ತಾನೆ. ಮಂಗಳನಲ್ಲಿ ಇಳಿದರೆ ಬರೀ ಕಾಲುವೆ. ತೋಡುವವರಿಗೆ ನಾಲ್ಕು ನಾಲ್ಕು ಕೈ. ಕಾಲುವೆಯ ಸಾಹೇಬ ಬಂದು ನಿನ್ನ ಹೊಲ ಮೇಲಿನದೋ ಕೆಳಗಿನದೋ ಅಂತ ವಿಚಾರಿಸುತ್ತಾನೆ. ಓದುವಾಗ ನಿನ್ನ ನೆನಪಾಗಿ ನಕ್ಕೆ. ನವಿಲುತೀರ್ಥದ ಕಾಲುವೆಗೆ ಬುಟ್ಟಿ ಹೊರುವ ನಿನಗೂ ಇನ್ನೆರಡು ಕೈ ಇದ್ದಿದ್ದರೆ ಒಂದರಲ್ಲಿ ಕೂಸನ್ನು ಹಿಡಿಯಬಹುದಿತ್ತು.

ಕಥೆ ಕಥೆಯೇ ಅಂತ ಬಿಡಬಹುದಿತ್ತು. ಆದರೆ ಖಗೋಲದ ಪುಸ್ತಕದಲ್ಲೂ ಮಂಗಳನ ಚಿತ್ರದ ಮೇಲೆ ಕಾಲುವೆಯ ಗೆರೆ ಎಳೆದಿದ್ದರು, ಯಾರೋ ಜಾಣರು ತೋಡಿದ್ದಿರಬೇಕು ಅಂತ ಬರೆದಿದ್ದರು. ನಾನು ಮಾರುಕಟ್ಟೆಯ ತುಂಬ ಸಾರಿದೆ. ಹಮಾಲರೆಲ್ಲ ಬಾಯಿ ತೆರೆದು ಕೇಳಿದರು. ಒಬ್ಬ ಕಾಲೇಜಿನ ಹುಡುಗ ಮಾತ್ರ ನಕ್ಕುಬಿಟ್ಟ. “ನಿನ್ನ ಮಂಗಳ ಯಾವ ಸನಾದ್ದೋ ಮಾರಾಯಾ?” ಅಂದ. ಅಲ್ಲಿ ಕಾಲುವೆಯೂ ಇಲ್ಲ, ಜಾಣರೂ ಇಲ್ಲ, ಯಂತ್ರ ಹೋಗಿ ಫೋಟೋ ತೆಗೆದಿದೆ ಅಂತ ಎಲ್ಲರ ಮುಂದೆ ಹೇಳಿದ. ಸಿಟ್ಟು ಬಂದು ಪುಸ್ತಕ ಹಿಡಿದುಕೊಂಡು ಮಾಸ್ತರರ ಹತ್ತಿರ ಓಡಿದೆ. ಅವರು ಸಿಟ್ಟಾಗಲಿಲ್ಲ. ಹಾಳೆ ತಿರುವು ಅಂದರು. ಹಿಂದಿನ ಮಗ್ಗುಲಲ್ಲಿ ಕೆಂಪು ಶಾಯಿಯಲ್ಲಿ, ಅವರದೇ ಅಕ್ಷರ: “ಕಾಲುವೆ ಇಲ್ಲ. ಯಂತ್ರದ ಫೋಟೋ, ರೇಡಿಯೋ ವಾರ್ತೆ. 1972.” ಕೆಳಗೆ ಸಹಿ. ಆಗ ಪುಟ ಪುಟ ನೋಡಿದೆ, ಎಷ್ಟೋ ಕಡೆ ಹಾಗೇ ಕೆಂಪು ಸಾಲು. ತಪ್ಪು ಏನು, ಗೊತ್ತಾದದ್ದು ಹೇಗೆ, ಯಾವತ್ತು, ಸಹಿ. ಅದು ಆ ಮನೆಯ ರಿವಾಜು. “ಪುಸ್ತಕ ಆವತ್ತಿಂದು ಹೇಳತದ. ಇವತ್ತಿಂದು ನಾವು ಬರಕೋಬೇಕು” ಅಂದರು. ಈ ಮಾತು ಅವರೇ ಅಂದದ್ದು. ನಾನು ಕಟ್ಟಿದ್ದಲ್ಲ. ಇದು ನಿನ್ನ ಮನಸ್ಸಿನಲ್ಲಿರಲಿ.

ಇನ್ನು ಆವತ್ತಿನ ರಾತ್ರಿ. ಆಗಸ್ಟ್ ಮೂವತ್ತು, ಶ್ರಾವಣದ ಶನಿವಾರ. ಆ ಬುಧವಾರ ನಾನು ಎರಡು ಪುಸ್ತಕ ತಂದಿದ್ದೆ. ಒಂದರಲ್ಲಿ ತಿಂಗಳಿಗೊಂದರ ಹಾಗೆ ಹನ್ನೆರಡು ನಕ್ಷೆ, ಇನ್ನೊಂದು ದಪ್ಪನೆಯದು. ಮೂರು ದಿನ ಮೋಡ. ಶನಿವಾರ ಊಟ ಮುಗಿಸಿ ಬರುವಷ್ಟರಲ್ಲಿ ಆಕಾಶ ತೊಳೆದಿಟ್ಟ ಹಾಗಿತ್ತು, ಚಂದ್ರ ಇನ್ನೂ ಹುಟ್ಟಿರಲಿಲ್ಲ. ಮಠದಲ್ಲಿ ಪುರಾಣ ನಡೆದಿತ್ತು, ಊರೆಲ್ಲ ಅಲ್ಲಿ. ನಾನು ಮಾರುಕಟ್ಟೆಯ ಕಟ್ಟೆಯ ಮೇಲೆ ಕಂದೀಲನ್ನು ಚೀಲದ ಮರೆಗಿಟ್ಟು ಆಗಸ್ಟ್ ತಿಂಗಳ ನಕ್ಷೆ ತೆರೆದೆ. ನಕ್ಷೆ ಓದುವುದು ನನಗೆ ಕಷ್ಟವಾಗಲಿಲ್ಲ ಅಕ್ಕಾ, ಅದು ಮಾರಾಟಕ್ಕೆ ಬಂದ ಒಂದು ಲಾಟು ಚೀಲದ ಪಟ್ಟಿ ಇದ್ದ ಹಾಗೆ. ಪಟ್ಟಿ ನೋಡುವುದು, ಚೀಲ ನೋಡುವುದು, ಟಿಕ್ ಹಾಕುವುದು. ಗರುಡ ಸಿಕ್ಕಿತು, ಮೂರು ಚಿಕ್ಕಿ, ಸರಿ. ಈಶಾನ್ಯದ ಕಡೆ ಎತ್ತರದಲ್ಲಿ ಹಂಸ ಸಿಕ್ಕಿತು. ಕೊಕ್ಕು, ಕುತ್ತಿಗೆ, ಎರಡು ರೆಕ್ಕೆ, ಬಾಲಕ್ಕೆ ಒಂದು ದೊಡ್ಡ ಚಿಕ್ಕಿ. ಎಲ್ಲ ಎಣಿಸಿದೆ. ಎಣಿಕೆಗಿಂತ ಒಂದು ಹೆಚ್ಚು.

ಬಾಲದ ಚಿಕ್ಕಿಯಿಂದ ಮೂರು ಬೆರಳು ಕೆಳಗೆ, ಸ್ವಲ್ಪ ಎಡಕ್ಕೆ. ಸಣ್ಣದಾಗಿದ್ದರೆ ಬಿಡುತ್ತಿದ್ದೆ. ಬಾಲದ ಚಿಕ್ಕಿಗಿಂತ ಕೂದಲೆಳೆಯಷ್ಟು ಕಡಿಮೆ ಹೊಳಪು, ಅಷ್ಟೇ. ಪುಸ್ತಕ ತಿರುಗಿಸಿ ನೋಡಿದೆ, ತಲೆಕೆಳಗೆ ಹಿಡಿದು ನೋಡಿದೆ, ಜುಲೈ ಸಪ್ಟೆಂಬರ್ ನಕ್ಷೆ ನೋಡಿದೆ. ಎಲ್ಲಿಯೂ ಇಲ್ಲ. ವಿಮಾನವೋ, ಏಪ್ರಿಲಿನಲ್ಲಿ ನಮ್ಮವರು ಹಾರಿಸಿದರಲ್ಲ ಆ ಉಪಗ್ರಹವೋ ಅಂತ ನೋಡುತ್ತಾ ಕುಂತೆ. ಉಪಗ್ರಹವಾದರೆ ನಡೆಯಬೇಕು. ಗೋದಾಮಿನ ತಗಡಿನ ಮೂಲೆಗೆ ಕಣ್ಣು ಹಚ್ಚಿ ಹತ್ತು ಗಂಟೆಯ ತನಕ ಹಿಡಿದು ನೋಡಿದೆ. ಹಂಸ ಎಷ್ಟು ಸರಿಯಿತೋ ಅದೂ ಅಷ್ಟೇ ಸರಿಯಿತು, ಅದರ ಸಂಸಾರದ್ದೇ ಅನ್ನುವ ಹಾಗೆ. ನಡುವೆ ದುಂಡಪ್ಪ ದೊಣ್ಣೆ ಕುಟ್ಟುತ್ತಾ ಬಂದ. ಅವನಿಗೂ ತೋರಿಸಿದೆ. “ಹೌದಪಾ, ಐತಿ. ಇದ್ದರ ಇರಲಿ ಬಿಡು, ನಿನಗೇನು ಮೈಮ್ಯಾಲೆ ಬೀಳತೈತಿ?” ಅಂದು ಮುಂದೆ ಹೋದ.

ನಾನು ಏನು ಅಂದುಕೊಂಡೆ ಗೊತ್ತೇ? ಕಾಲುವೆಯ ಹಾಗೆ ಇದೂ ಪುಸ್ತಕದ ತಪ್ಪು. ಅಲ್ಲಿ ಇಲ್ಲದ್ದನ್ನು ಬರೆದರು, ಇಲ್ಲಿ ಇದ್ದದ್ದನ್ನು ಬಿಟ್ಟರು. ಲಾಟಿನಲ್ಲಿ ನಂಬರಿಲ್ಲದ ಚೀಲ ಕಂಡರೆ ನಮ್ಮಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಕಂಡವನು ಅಲ್ಲೇ ನಂಬರು ಹಚ್ಚಬೇಕು. ಬೆಳಗಿನ ತನಕ ಬಿಟ್ಟರೆ ಆ ಚೀಲ ಯಾರದ್ದೋ ಆಗಿರುತ್ತದೆ. ನನ್ನ ಕೈಗೆ ಅಂಟಿದ್ದು ಆ ರೂಢಿ. ಬುರುಸು ಅಲ್ಲೇ ಇತ್ತು, ಶಾಯಿಯೂ ಇತ್ತು. ಹುಷಾರಾಗಿಯೇ ಇಟ್ಟೆ, ಆದರೆ ಗೋಣಿಯ ಮೇಲೆ ಬರೆಯುವ ಬುರುಸು ಅದು. ಜೋಳದ ಕಾಳಿನಷ್ಟು ದೊಡ್ಡ ಬೊಟ್ಟಾಯಿತು, ಇಡೀ ಆಕಾಶದಲ್ಲಿ ಅದೇ ದೊಡ್ಡದು. ಬೆಳಗ್ಗೆ ನೋಡಿದರೆ ಶಾಯಿ ಆರು ಹಾಳೆ ಇಳಿದಿದೆ. ಕೊನೆಯ ಹಾಳೆಯಲ್ಲಿ ಯಾರೋ ಗಡ್ಡದ ಪಂಡಿತರ ಫೋಟೋ, ಅವರ ಹಣೆಯ ಮೇಲೆ ಸರಿಯಾಗಿ ನಡುವೆ ಕಪ್ಪು ಬೊಟ್ಟು.

ಆದರೂ ನಾನು ಹೆದರಲಿಲ್ಲ. ಖುಷಿಯಿಂದಲೇ ರವಿವಾರ ಬೆಳಗ್ಗೆ ಹೋಗಿ ನಕ್ಷೆ ತೆರೆದು, ನೋಡ್ರಿ ಮಾಸ್ತರ್, ಒಂದು ಬಿಟ್ಟಿದ್ದರು, ಹಚ್ಚಿದ್ದೇನೆ ಅಂದೆ. ಅವರು ಪುಸ್ತಕವನ್ನು ಮುಖದ ಹತ್ತಿರ ತಂದುಕೊಂಡರು, ಬೆರಳಾಡಿಸಿದರು. ಅವರ ಬೆರಳಿಗೂ ಶಾಯಿ ಹತ್ತಿತು. ಅವರು ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. “ನಾ ತಿದ್ದಿದ್ದು ನೋಡಿ ನೀ ತಿದ್ದಲಿಕ್ಕೆ ಹೊಂಟಿ ಏನು? ನಾ ಓದಿ ತಿದ್ದತೇನಿ. ನೀ ಏನು ಓದಿದಿ?” ಅಂದರು. ಆಕಾಶ ಓದಿದೆ ಅಂದೆ. ಅದು ಅನ್ನಬಾರದಿತ್ತು, ಈಗ ಅನಿಸುತ್ತದೆ. ಆದರೆ ಸುಳ್ಳೇನೂ ಅಲ್ಲ. ಈ ರಾತ್ರಿ ನಾನೇ ನೋಡತೇನಿ, ನಾಳೆ ಬಾ ಅಂದು ಒಳಗೆ ಹೋದರು.

ಸೋಮವಾರ ಹೋದೆ, ಸಾಕ್ಷಿಗೆ ದುಂಡಪ್ಪನನ್ನೂ ಎಳೆದುಕೊಂಡು. ಮಾಸ್ತರರು ಕಟ್ಟೆಯ ಮೇಲೆ ಕುಂತಿದ್ದರು, ಮುಖ ಬಾಡಿತ್ತು. ನೋಡಿದೆ, ಏನೂ ಇಲ್ಲ ಅಂದರು. ನಾನು ದುಂಡಪ್ಪನ ಕಡೆ ತಿರುಗಿದೆ. ಮಾಸ್ತರರು ಕೇಳಿದರು, “ಚಿಕ್ಕಿ ನೋಡಿದೇನೋ ದುಂಡಪ್ಪಾ?”

“ನೋಡೇನ್ರಿ.”

“ಒಂದ ಇತ್ತೋ, ಎರಡೋ?”

“ಎರಡೂ ಇದ್ದೂರಿ.”

“ಅಲ್ಲಿ ಚಿಕ್ಕೀನ ಇದ್ದಿದ್ದಿಲ್ಲ ಅಂತೇನಿ ನಾ.”

“ಅದೂ ಖರೇನರಿ. ಇದ್ದಿದ್ದಿಲ್ಲ.”

ಇವನು ನನ್ನ ಸಾಕ್ಷಿ. ಇಬ್ಬರಿಗೂ ಬೇಜಾರಾಗಬಾರದು ಅಂತ ಹೊರಟವನು ಇಬ್ಬರಿಗೂ ಉಪಯೋಗಕ್ಕೆ ಬರಲಿಲ್ಲ. ನಿನ್ನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿದವನು ಇವನೇ.

ಆಮೇಲೆ ಮಾಸ್ತರರು ತೀರ್ಪು ಹೇಳಿದರು. ಈ ಮನೆಯಲ್ಲಿ ಪ್ರತಿ ತಪ್ಪಿಗೂ ಒಂದು ಸಾಲು ಇರುತ್ತದೆ, ಇದಕ್ಕೂ ಬೇಕು. ಆ ಬೊಟ್ಟಿನ ಪಕ್ಕ ನನ್ನ ಕೈಯಿಂದಲೇ ಬರೆಯಬೇಕು: “ಈ ಚಿಕ್ಕಿ ಸುಳ್ಳು. ತಿಳಿಯದೆ ಹಾಕಿದ್ದು.” ತಾರೀಖು, ಸಹಿ. ಮುಂದಿನ ರವಿವಾರ ಸಂಜೆಯ ತನಕ ವಿಚಾರ ಮಾಡು, ಬರೆದರೆ ಕಪಾಟು ನಿನ್ನದು, ಬರೆಯದಿದ್ದರೆ ಇನ್ನು ಈ ಕಡೆ ಬರಬೇಡ ಅಂದರು. ಆ ರವಿವಾರ ಇವತ್ತು.

ಈಗ ನಿನ್ನ ಕಾರ್ಡಿಗೆ ಬರುತ್ತೇನೆ. ದೊಡ್ಡವರ ಮನೆ, ನಮ್ಮಂಥವರ ಕೈಗೆ ಪುಸ್ತಕ ಕೊಟ್ಟದ್ದೇ ಹೆಚ್ಚು, ಬಗ್ಗಿ ನಡೆ ಅಂದಿದ್ದೀ. ಕೊಟ್ಟದ್ದು ಹೆಚ್ಚೇ. ಕಪಾಟಿನಲ್ಲಿ ನಾನು ಓದಿದ್ದು ಬರೀ ಒಂಬತ್ತು ಪುಸ್ತಕ, ಇನ್ನೂ ನೂರಾರು ಇವೆ, ರಾತ್ರಿ ಮಲಗಿದಾಗ ಅವುಗಳ ಬೆನ್ನಿನ ಮೇಲಿನ ಹೆಸರು ಒಂದೊಂದಾಗಿ ನೆನಪಾಗುತ್ತವೆ. ಬಾಲಂಗೋಚಿ ಚಿಕ್ಕಿಯದು ಒಂದು, ಚಂದ್ರನ ಆಚೆ ಮಗ್ಗುಲಿನದು ಒಂದು. ಕಪಾಟು ಮುಚ್ಚಿದರೆ ನನ್ನ ಪಾಲಿಗೆ ಬೈಲಹೊಂಗಲದಲ್ಲಿ ಮತ್ತೆ ಬರೀ ಚೀಲ, ಚೀಲದ ಮೇಲೆ ನಂಬರು. ಆದರೆ ಅಕ್ಕಾ, ನಮ್ಮ ಮುತ್ಯಾ ಕಾಗದ ತಂದವರ ಮುಂದೆಲ್ಲ ಹೆಬ್ಬೆಟ್ಟು ಚಾಚುತ್ತಿದ್ದ, ಅದರಲ್ಲಿ ಏನು ಬರೆದಿದೆ ಅಂತ ಒಮ್ಮೆಯೂ ಕೇಳಲಿಲ್ಲ. ನಾನು ಏಳನೆಯ ಇಯತ್ತೆಯಲ್ಲಿ ಸಾಲಿ ಬಿಡುತ್ತೇನೆ ಅಂದಾಗ ಕಿವಿ ಹಿಂಡಿ ಕಳಿಸಿದವಳು ನೀನು. “ಬರದದ್ದು ಓದಿ ಸೈ ಮಾಡುವಂಥಾ ಒಬ್ಬ ನಮ್ಮ ಮನ್ಯಾಗ ಇರಲಿ” ಅಂದೆ. ಈಗ ಒಬ್ಬ ಇದ್ದಾನೆ. ಓದಿ ನೋಡಿದೆ. ಸೈ ಮಾಡುವಂಥದ್ದು ಅಲ್ಲ.

ಇಷ್ಟು ಖಡಕ್ಕಾಗಿ ಬರೆಯುತ್ತೇನೆ ಅಂತ ಮೊದಲಿನಿಂದಲೂ ಹೀಗೇ ಇದ್ದೆ ಅಂದುಕೊಳ್ಳಬೇಡ. ಆ ರವಿವಾರ ರಾತ್ರಿ ಹೆಸರುಕಾಳಿನ ಚೀಲ ಇಳಿಸುವುದರಲ್ಲಿ ಸಿಕ್ಕಿಬಿದ್ದು ನಾನು ಆಕಾಶ ನೋಡಲಾಗಲಿಲ್ಲ. ಸೋಮ, ಮಂಗಳ, ಬುಧ ಮತ್ತೆ ಮೋಡ. ಗುರುವಾರ ರಾತ್ರಿ ತೆರವಾಯಿತು. ಓಡಿ ಹೋಗಿ ಕಟ್ಟೆ ಹತ್ತಿದೆ. ಹಂಸ ಇತ್ತು, ಬಾಲ ಇತ್ತು, ಮೂರು ಬೆರಳಿನ ಕೆಳಗೆ ಕತ್ತಲೆ. ಕಣ್ಣು ಕಿರಿದು ಮಾಡಿದರೆ ಏನೋ ಇದ್ದ ಹಾಗೆ, ಇಲ್ಲದ ಹಾಗೆ. ನಾನೇ ಸುಳ್ಳುಗಾರನೇನು, ಕಂದೀಲಿನ ಬೆಳಕಿಗೆ ಕಣ್ಣು ಮಂಜಾಗಿತ್ತೇನು ಅಂತ ಯೋಚಿಸುತ್ತಾ ಕುಂತೆ. ಶುಕ್ರವಾರ ಇಡೀ ದಿನ ಬರೆದುಕೊಡುತ್ತೇನೆ ಅಂತಲೇ ನನ್ನ ಮನಸ್ಸಿನಲ್ಲಿತ್ತು. ನಿನ್ನ ಕಾರ್ಡು ಅವತ್ತೇ ಬಂದಿದ್ದರೆ ನೀನು ಗೆದ್ದಿರುತ್ತಿದ್ದೆ. ಅದು ಬಂದದ್ದು ನಿನ್ನೆ.

ಅಷ್ಟರಲ್ಲಿ ಶುಕ್ರವಾರ ಸಂಜೆ ಲೀಲಾಬಾಯಿಯವರು ಮಾರುಕಟ್ಟೆಯ ಬಾಗಿಲಿಗೆ ಬಂದಿದ್ದರು. ಗಣಪತಿ ಹಬ್ಬಕ್ಕೆ ಎಳ್ಳು ಬೆಲ್ಲ ಕೊಳ್ಳುವ ನೆಪ. ನನ್ನನ್ನು ಮಗ್ಗುಲಿಗೆ ಕರೆದು ಹೇಳಿದರು. ಆ ರವಿವಾರ ರಾತ್ರಿ ಮಾಸ್ತರರು ಮಾಳಿಗೆ ಹತ್ತಿ ಒಂದು ತಾಸು ನಿಂತಿದ್ದರಂತೆ, ಇಳಿದು ಬಂದು ಊಟ ಮಾಡದೆ ಮಲಗಿದರಂತೆ. “ಎರಡು ವರ್ಷ ಆತಪಾ, ಅವರಿಗೆ ಚಿಕ್ಕಿ ಅನ್ನೋದ ಕಾಣಸಂಗಿಲ್ಲ. ಚಂದ್ರ ಸುದ್ದಾ ಮೂರು ಕಾಣಸತಾನಂತ” ಅಂದರು. ಕಣ್ಣಿನಲ್ಲಿ ಪೊರೆ. ಆಪರೇಶನ್ನಿಗೆ ಒಪ್ಪುವುದಿಲ್ಲ, ಇದ್ದದ್ದೂ ಹೋಗುತ್ತದೆ ಅನ್ನುವ ಅಂಜಿಕೆ. ಯಾರಿಗೂ ಹೇಳಬೇಡ ಅಂತ ಮಾಸ್ತರರು ಲೀಲಾಬಾಯಿಯವರಿಂದ ಆಣೆ ಹಾಕಿಸಿಕೊಂಡಿದ್ದಾರಂತೆ. ನನಗೆ ಆಗ ಒಂದೊಂದೇ ಹೊಳೆಯಿತು. ಕೆಂಪು ಶಾಯಿಯ ಸಾಲು ಎರಡು ವರ್ಷದ ಈಚೆಗೆ ಒಂದೂ ಇಲ್ಲ. ಓದು ಒರಟು ಅದ, ಬಂದು ಜೋರಾಗಿ ಓದು ಅಂದದ್ದು ನನ್ನ ಓದು ತಿದ್ದುವುದಕ್ಕೆ ಅಲ್ಲ. ಆ ಕಪಾಟು ನನಗೆ ಈಗ ಮುಚ್ಚುತ್ತದೆ, ಅವರಿಗೆ ಎಂದೋ ಮುಚ್ಚಿದೆ. ನಾನು ಓದಿದಷ್ಟು ಮಾತ್ರ ಅವರಿಗೆ ತೆರೆಯುತ್ತಿತ್ತು. ಇದನ್ನು ನೀನು ಓದಿ ಅಲ್ಲಿಗೇ ಬಿಡು, ಮಾವನಿಗೂ ಹೇಳಬೇಡ. ಮಾವನಿಗೆ ಹೇಳಿದರೆ ದುಂಡಪ್ಪನಿಗೆ ಹೇಳಿದ ಹಾಗೆ.

ಈಗ ನಿನಗೆ ಅನಿಸಬಹುದು, ಇನ್ನೇನು, ಸಂಜೆ ಹೋಗಿ ನಿಮಗೆ ಕಣ್ಣೇ ಕಾಣುವುದಿಲ್ಲ, ಚಿಕ್ಕಿ ಹೇಗೆ ಕಂಡೀತು ಅಂದರೆ ಮುಗಿಯಿತು. ಹೌದು, ಮುಗಿಯುತ್ತದೆ. ಅದಕ್ಕೇ ಅನ್ನುವುದಿಲ್ಲ.

ಇವತ್ತು ಬೆಳಗ್ಗೆ ಆದದ್ದು ಹೇಳುತ್ತೇನೆ, ಇದಕ್ಕೇ ಇಷ್ಟು ಹಾಳೆ ತಂದದ್ದು. ಆ ದಪ್ಪನೆಯ ಪುಸ್ತಕ ಇನ್ನೂ ನನ್ನ ಕೋಣೆಯಲ್ಲೇ ಇತ್ತು. ಹೇಗೂ ಕೊಟ್ಟು ಬರಬೇಕು, ಕೊನೆಯ ಸಲ ಓದೋಣ ಅಂತ ತೆರೆದೆ. ನಾನು ಗ್ರಹಗಳ ತನಕ ಮಾತ್ರ ಓದಿದ್ದೆ. ಮುಂದೆ ಹೋಗಿ ಹೋಗಿ ಇನ್ನೂರ ಹನ್ನೆರಡನೆಯ ಪುಟ. ಅಕ್ಕಾ, ಅಲ್ಲಿ ಏನಿತ್ತು ಕೇಳು. ಆಕಾಶದಲ್ಲಿ ಅಪರೂಪಕ್ಕೊಮ್ಮೆ, ಬರಿಗಣ್ಣಿಗೆ ಏನೂ ಇಲ್ಲದ ಜಾಗದಲ್ಲಿ, ಒಂದು ಚಿಕ್ಕಿ ಇದ್ದಕ್ಕಿದ್ದಂತೆ ಹತ್ತಿಕೊಂಡು ಉರಿಯುತ್ತದಂತೆ. ನಾಲ್ಕಾರು ದಿನ ದೊಡ್ಡ ಚಿಕ್ಕಿಗಳ ಸಮ ಹೊಳೆದು ಮತ್ತೆ ಕಂದಿಹೋಗುತ್ತದಂತೆ. 1918ರಲ್ಲಿ ಗರುಡದ ಹತ್ತಿರ ಒಂದು ಹಾಗೆ ಬಂದಿತ್ತಂತೆ. ಅದನ್ನು ದೊಡ್ಡ ದೊಡ್ಡ ದುರ್ಬೀನು ಇದ್ದವರೇ ಕಾಣಬೇಕು ಅಂತೇನಿಲ್ಲ, ನಕ್ಷೆ ಬಾಯಿಪಾಠ ಇದ್ದ ಸಾಮಾನ್ಯರೂ ಮೊದಲು ಕಂಡದ್ದುಂಟು, ಕಂಡವರು ತಾರೀಖು, ಹೊತ್ತು, ಸ್ಥಳ ಬರೆದಿಡಬೇಕು, ಕಾಣದಾದ ದಿನವನ್ನೂ ಬರೆದಿಡಬೇಕು ಅಂತ ಅಚ್ಚಾಗಿದೆ. ಒಬ್ಬನೇ ಕೋಣೆಯಲ್ಲಿ ಎದ್ದು ನಿಂತುಬಿಟ್ಟೆ. ಮಗ್ಗುಲ ಕೋಣೆಯ ಮಹಾಂತಪ್ಪ ಗೋಡೆ ಬಡಿದು ಏನಾತೋ ಅಂತ ಕೇಳಿದ. ಏನಂತ ಹೇಳಲಿ? ಪುಸ್ತಕ ತಪ್ಪಲ್ಲ. ನಾನೂ ತಪ್ಪಲ್ಲ. ನಕ್ಷೆ ಬರೆದಾಗ ಅದು ಇರಲಿಲ್ಲ, ಗುರುವಾರವೂ ಇರಲಿಲ್ಲ, ಆ ಶನಿವಾರ ಇತ್ತು.

ನಾನು ಕಂಡದ್ದು ಅದೇ ಅಂತ ಆಣೆ ಮಾಡಲಾರೆ. ಈ ತನಕ ಯಾವ ಪೇಪರಿನಲ್ಲೂ ಬಂದಿಲ್ಲ, ಚಹಾದಂಗಡಿಯ ಪೇಪರು ಮೊದಲಿನಿಂದ ಕೊನೆಯ ತನಕ ನೋಡುತ್ತಿದ್ದೇನೆ. ಆದರೆ ಆಗಬಹುದಾದದ್ದು ಅಂತ ಗೊತ್ತಾಯಿತಲ್ಲ, ಅಷ್ಟು ಸಾಕು. ಸಂಜೆ ಹೋಗಿ ಮೊದಲು ಕಟ್ಟೆಯ ಮೇಲೆ ಕುಂತು, ಏನೂ ವಾದ ಮಾಡದೆ, ಎಂದಿನ ಹಾಗೆ ಇನ್ನೂರ ಹನ್ನೆರಡನೆಯ ಪುಟ ಜೋರಾಗಿ ಓದುತ್ತೇನೆ. ಆಮೇಲೆ ಆ ಬೊಟ್ಟಿನ ಪಕ್ಕ ಅವರ ರಿವಾಜಿನಂತೆಯೇ ಬರೆಯುತ್ತೇನೆ: “1975 ಆಗಸ್ಟ್ 30, ಶನಿವಾರ, ರಾತ್ರಿ ಎಂಟೂವರೆಯಿಂದ ಹತ್ತರ ತನಕ, ಬೈಲಹೊಂಗಲ ಮಾರುಕಟ್ಟೆಯ ಕಟ್ಟೆಯಿಂದ ಕಂಡಿತು. ಸಪ್ಟೆಂಬರ್ 4, ಗುರುವಾರ, ನೋಡಿದೆ, ಕಾಣಲಿಲ್ಲ. ಶಾಯಿ ಹೆಚ್ಚಾದದ್ದು ನನ್ನ ತಪ್ಪು. ನೋಡಿದವನು ಶಂಕ್ರೆಪ್ಪ.” ಬರೆದದ್ದನ್ನೂ ಓದಿ ಹೇಳುತ್ತೇನೆ. ಕೇಳಿ ಅವರು ಕಪಾಟು ಮುಚ್ಚಿದರೆ ಮುಚ್ಚಲಿ. ನನಗೆ ಸಂಕಟವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಅವರಿಗೆ ಓದಿ ಹೇಳುವವರು ಇನ್ಯಾರು ಸಿಗುತ್ತಾರೆ ಅನ್ನುವ ಸಂಕಟವೂ ಇದೆ. ಆದರೂ ಆ ಹಾಳೆಯ ಮೇಲೆ ನನ್ನ ಹೆಸರು ನಿಲ್ಲುವುದಾದರೆ ಹೀಗೆಯೇ ನಿಲ್ಲಬೇಕು.

ಸಿಟ್ಟಾಗಬೇಡ. ಆದರೂ ಆಗುತ್ತೀ, ಆಗಿ ಮುಗಿಸಿಬಿಡು. ಮಾವನಿಗೆ ನನ್ನ ಶರಣು ಹೇಳು. ಕೂಸಿನ ಎರಡೂ ಗಲ್ಲಕ್ಕೆ ನನ್ನ ಹೆಸರಿನಲ್ಲಿ ಒಂದೊಂದು ಮುತ್ತು, ಕಚ್ಚಿದರೆ ಕಚ್ಚಲಿ. ನೀನು ಕೈ ಉಳಿಸಿಕೊಂಡು ಕೆಲಸ ಮಾಡು.

ನಿನ್ನ ತಮ್ಮ,
ಶಂಕ್ರೆಪ್ಪ

ತಾ. ಕ.: ಮುಖ್ಯ ಮಾತೇ ಬಿಟ್ಟೆ. ಆ ಶನಿವಾರ ರಾತ್ರಿ ಊಟವಾದ ಮೇಲೆ ನೀವು ಅಂಗಳದಲ್ಲಿ ಕುಂತಿದ್ದಿರೇನು? ನಿಮ್ಮ ರಾಮದುರ್ಗದ ಕಡೆಯೂ ಆಕಾಶ ತೆರವಿತ್ತೇ? ಈಶಾನ್ಯಕ್ಕೆ, ಎತ್ತರದಲ್ಲಿ, ಒಂದರ ಕೆಳಗೆ ಒಂದು ಎರಡು ದೊಡ್ಡ ಚಿಕ್ಕಿ ಯಾರಾದರೂ ನೋಡಿದ್ದಾರೇನು, ಓಣಿಯಲ್ಲಿ ಎಲ್ಲರನ್ನೂ ಕೇಳು, ಹೊಲ ಕಾಯುವವರನ್ನು ತಪ್ಪದೆ ಕೇಳು. ಎರಡು ಇದ್ದವು ಅಂತ ನೀನೇ ಮೊದಲು ಹೇಳಿಕೊಡಬೇಡ, ಏನು ಕಂಡಿರಿ ಅಂತ ಮಾತ್ರ ಕೇಳು. ಹೆಸರು, ಹೊತ್ತು ಬರೆದು ಕಳಿಸು. ಮತ್ತೆ ನೀನು, ಅಕ್ಕಾ, ಕಂಡಿದ್ದರೆ ಕಂಡೆ ಅಂತ ಬರೆ. ಕಾಣದಿದ್ದರೆ ನನ್ನ ಮೇಲಿನ ಮಾಯೆಗೆ ಕಂಡೆ ಅಂತ ಬರೆಯಬೇಡ, ಕಾಣಲಿಲ್ಲ ಅಂತಲೇ ಬರೆ, ನಾನು ಅದನ್ನೂ ಅವರಿಗೆ ಓದಿ ಹೇಳುತ್ತೇನೆ. ಐದು ಹೊಡೆಯಿತು. ಇದನ್ನು ಡಬ್ಬಿಗೆ ಹಾಕಿ ಹಾಗೇ ಮಾಸ್ತರರ ಮನೆಗೆ. ಪುಸ್ತಕ ಬಗಲಲ್ಲಿದೆ. ಬಾಗಿಲು ಎಳೆದುಕೊಂಡು ಹೊರಟೆ.